ಕರಿಗೋಡೆಯ ಗಾಮ್ಸ್ ದಾರಿ

ಬೊಹಿನ್ ಕಣಿವೆಯಲ್ಲಿ ಮನೆಮನೆಗೆ ಅಂಚೆ ಹಂಚುತ್ತಿದ್ದ ಮಿಲ್ಕಾ ಓದರ್‌ಳ ತಲೆಗೆ ಹನ್ನೊಂದನೆಯ ವಯಸ್ಸಿನಲ್ಲಿ ಹೊಕ್ಕ ಪ್ರಶ್ನೆಯೊಂದು ನಲವತ್ತೇಳು ವರ್ಷ ಇಳಿಯಲಿಲ್ಲ.

ಅದು ಹೊಕ್ಕಿದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಅಪ್ಪ ಲೊವ್ರೆಂಟ್ಸ್ ಸೌದೆ ಸೀಳುತ್ತಿದ್ದ, ಅವಳು ಒಟ್ಟುತ್ತಿದ್ದಳು. ಕಣಿವೆಯ ಆಚೆ, ಊರಿನವರು ಕರಿಗೋಡೆ ಎನ್ನುವ ಬಂಡೆಯ ಬುಡದಲ್ಲಿ ಹದಿಮೂರು ಗಾಮ್ಸ್‌ಗಳು ಸಾಲಾಗಿ ಹೊರಟಿದ್ದವು. ಡೊಂಕುಕೊಂಬಿನ ಆ ಕಾಡುಮೇಕೆಗಳು ಬಂಡೆಯ ಉಬ್ಬಿದ ಹೊಟ್ಟೆಯ ಹಿಂದೆ ಮರೆಯಾದವು. ಒಂದು ಗಂಟೆ ಕಳೆದ ಮೇಲೆ ಅಷ್ಟೂ ತುತ್ತತುದಿಯ ಏಣಿನ ಮೇಲೆ ನಿಂತಿದ್ದವು. ನಡುವೆ ಇದ್ದದ್ದು ನಾನೂರು ಮೀಟರ್ ನೆಟ್ಟಗಿನ ಕಲ್ಲು.

"ಅಪ್ಪಾ, ಅವು ಹೆಂಗೆ ಹತ್ತಿದ್ವು?"

"ಗಾಮ್ಸ್‌ಗೆ ಕಾಣದ ರೆಕ್ಕೆ ಇರುತ್ತೆ ಕಣೇ. ಸೌದೆ ಕೊಡು."

"ರೆಕ್ಕೆ ಇದ್ರೆ ಒಂದು ಗಂಟೆ ಯಾಕೆ ಬೇಕಿತ್ತು?"

ಲೊವ್ರೆಂಟ್ಸ್ ಕೊಡಲಿ ಇಳಿಸಿ ಮಗಳನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದ.

ಮಿಲ್ಕಾ ಬೆಟ್ಟ ಹತ್ತುವುದನ್ನು ಕಲಿತದ್ದೇ ಇದಕ್ಕಾಗಿ ಎಂದರೆ ಸುಳ್ಳಾದೀತು. ಒಮ್ಮೆ ಕೈಗೆ ಕಲ್ಲಿನ ರುಚಿ ಹತ್ತಿದ ಮೇಲೆ ಬೇರೆ ಕಾರಣ ಬೇಕಾಗಲಿಲ್ಲ. ಆದರೆ ಇಪ್ಪತ್ಮೂರರಲ್ಲಿ, ತನ್ನ ಹಗ್ಗದ ಇನ್ನೊಂದು ತುದಿಗೆ ಬಡಗಿ ಯೆರ್ನೆಯ್‌ನನ್ನು ಕಟ್ಟಿಕೊಂಡು, ಅವಳು ಕರಿಗೋಡೆಗೇ ಹೋದಳು. ಜುಲೈ ತಿಂಗಳು. ಕಮ್ಮಾರ ಬಡಿದುಕೊಟ್ಟ ಮೊಳೆಗಳನ್ನು ಬಿರುಕಿಗೆ ಹೊಡೆಯುತ್ತ ಇಬ್ಬರೂ ಗೋಡೆಯ ಮಧ್ಯದ ಒಂದು ಅಂಚಿಗೆ ತಲುಪಿದರು. ಅಲ್ಲಿ ಒಣಗಿದ ಹಿಕ್ಕೆ ಬಿದ್ದಿತ್ತು! ಅಂದರೆ ಗಾಮ್ಸ್‌ಗಳು ಬಂದಿದ್ದವು. ಎಡಕ್ಕೆ ಬೋಳು ಬಂಡೆ, ಬೆರಳು ಊರಲೂ ಜಾಗವಿಲ್ಲ. ಅದರಾಚೆ ಏನಿದೆಯೋ ಕಾಣದು. ಎರಡು ಗಂಟೆ ಹೆಣಗಿದರೂ ದಾಟಲಾಗಲಿಲ್ಲ. ಮಿಲ್ಕಾ ಹಿಕ್ಕೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

"ಹುಡುಗೀರು ಬೆಟ್ಟದಿಂದ ಹೂವು ತರ್ತಾರೆ," ಎಂದ ಯೆರ್ನೆಯ್.

"ಹೂವು ಏನ್ ಹೇಳುತ್ತೆ? ಇದು ದಾರಿ ಇದೆ ಅಂತ ಹೇಳುತ್ತೆ."

ಇಂಥವಳನ್ನೇ ಅವನು ಆ ಶರತ್ಕಾಲದಲ್ಲಿ ಮದುವೆಯಾದ.

ಮುಂದೆ ಬೇಸಿಗೆಯಲ್ಲಿ ಬಂಡೆ, ಚಳಿಗಾಲದಲ್ಲಿ ಸ್ಕೀ. ಜನರನ್ನು ಮೇಲಕ್ಕೆ ಎತ್ತಿ ಸಾಗಿಸುವ ತಂತಿಗಾಡಿ ಇರುವ ಇಳಿಜಾರುಗಳತ್ತ ಮಿಲ್ಕಾ ತಲೆಹಾಕಲಿಲ್ಲ. ಸ್ಕೀ ಹಲಗೆಯಡಿಗೆ ತೊಗಲು ಬಿಗಿದು, ಜಾರದಂತೆ ತಾನೇ ಹತ್ತಿ, ತೊಗಲು ಕಿತ್ತು ಇಳಿಯುವುದು ಅವಳ ಪದ್ಧತಿ. ಹಾಗೆ ಹೋಗುವಾಗ ಒಂದು ದಿನ, ಮೂವತ್ನಾಲ್ಕರಲ್ಲಿ, ಬೇಸಿಗೆಯಲ್ಲಿ ಸುತ್ತುಬಳಸಿ ದಾಟಬೇಕಾದ ಕೊರಕಲೊಂದನ್ನು ಹಿಮದ ಮೇಲೆ ನೇರ ದಾಟಿಬಿಟ್ಟಳು. ದಾಟಿದವಳು ಗಕ್ಕನೆ ನಿಂತಳು. ಬೇಸಿಗೆಯಲ್ಲಿ ಇಲ್ಲದ ದಾರಿ ಚಳಿಗಾಲದಲ್ಲಿ ಇರುತ್ತದೆ! ತಾನು ಗೋಡೆಯನ್ನು ತಪ್ಪು ಕಾಲದಲ್ಲಿ ಕೇಳಿದ್ದೆ ಎಂದು ಹೊಳೆಯಿತು.

ಮುಂದಿನ ಮಾರ್ಚಿನಲ್ಲಿ ಗಂಡಹೆಂಡಿರು ಸ್ಕೀ ಬೆನ್ನಿಗೇರಿಸಿ ಹೊರಟರು. ಗೋಡೆಯ ಹೊಟ್ಟೆ ಸುತ್ತಿದ ಕೂಡಲೇ ಅದು ಕಾಣಿಸಿತು. ಎರಡು ಬಂಡೆಗಳ ನಡುವೆ ಓಣಿಯಂತೆ ಮೇಲೇರುವ ಬಿಳಿ ಪಟ್ಟಿ, ಕೆಳಗಿನ ಊರಿನಿಂದ ಯಾರಿಗೂ ಕಾಣದ್ದು. ಯೆರ್ನೆಯ್ ಕೇಕೆ ಹಾಕಿದ. ಹಿಮ ಕುಸಿಯುವಂತಿದೆಯೇ ಎಂದು ನೋಡಲು ಮಿಲ್ಕಾ ಸಲಿಕೆ ತೆಗೆದು ಎದೆಮಟ್ಟ ಅಗೆದಳು. ಮೇಲೆ ಗಟ್ಟಿ ಹಿಮ, ಅಡಿಯಲ್ಲಿ ಸಕ್ಕರೆಯಂತೆ ಉದುರುವ ಹರಳು. ಸಲಿಕೆ ತಟ್ಟಿದರೆ ಮೇಲಿನ ಪದರ ಹಾಗೇ ಜಾರಿತು.

"ವಾಪಸ್ ಹೋಗೋಣ."

"ಹುಚ್ಚೇನೇ ನಿಂಗೆ? ಬಾಯಿಗೆ ಬಂದ ತುತ್ತು!"

"ಒಂದು ಗೊರಸಿನ ಗುರುತಾದ್ರೂ ಇದೆಯಾ ನೋಡು. ಅವೇ ಬಂದಿಲ್ಲ ಇವತ್ತು."

ಮರಳಿದರು. ಆ ಓಣಿಯ ಹಿಮ ಕುಸಿಯಿತೇ? ಇಲ್ಲ. ಮೇ ತಿಂಗಳವರೆಗೆ ಅಲ್ಲಿಂದ ಒಂದು ಹಿಡಿ ಹಿಮವೂ ಕೆಳಗೆ ಬೀಳಲಿಲ್ಲ. ಯೆರ್ನೆಯ್ ವರ್ಷಗಟ್ಟಲೆ, ಕಾಫಿಗೆ ಸಕ್ಕರೆ ಹಾಕುವಾಗಲೆಲ್ಲ, "ಜೋಪಾನ, ಜಾರೀತು," ಎಂದು ಚುಚ್ಚುತ್ತಿದ್ದ. ತಾನು ಅಂದು ಸರಿಯಿದ್ದೆನೋ ಇಲ್ಲವೋ ಮಿಲ್ಕಾಳಿಗೆ ಕೊನೆಗೂ ತಿಳಿಯಲಿಲ್ಲ. ಅದರ ಬಗ್ಗೆ ಅವಳಿಗೆ ನಾಚಿಕೆಯೂ ಇರಲಿಲ್ಲ.

ಆಮೇಲೆ ಮಕ್ಕಳು, ಕಡಿಮೆ ಹಿಮದ ಚಳಿಗಾಲಗಳು, ಯೆರ್ನೆಯ್‌ನ ಸೊಂಟದ ಶಸ್ತ್ರಚಿಕಿತ್ಸೆ. ಐವತ್ತೆಂಟನೆಯ ವಯಸ್ಸಿನ ಮಾರ್ಚಿನಲ್ಲಿ ಮಿಲ್ಕಾ ಮತ್ತೆ ಹೊರಟಳು, ಜೊತೆಗೆ ಪಕ್ಕದೂರಿನ ನರ್ಸ್ ನೆವೆಂಕಾ. ಯೆರ್ನೆಯ್ ಅಂಗಳದಲ್ಲಿ ದುರ್ಬೀನು ಹಿಡಿದು ಕುಳಿತ.

ಈ ಸಲ ಅಗೆದ ಹಿಮ ಮೇಲಿನಿಂದ ತಳದವರೆಗೆ ಒಂದೇ ಗಟ್ಟಿ. ಮುಂದೆ ನಿನ್ನೆಯ ಗೊರಸಿನ ಸಾಲು. ಅದರ ಮೇಲೇ ಬೂಟು ಊರುತ್ತ ಹತ್ತಿದರು. ಅರ್ಧದಾರಿಯಲ್ಲಿ ಸಾಲು ಬಲಕ್ಕೆ ಹೊರಳಿ ಬಂಡೆಯ ಪೊಟರೆಯೊಂದಕ್ಕೆ ನುಗ್ಗಿತು. ಒಳಗೆ ಹಿಮದ ಸುಳಿವಿಲ್ಲ. ಬಿಸಿಲು ನೇರ ಬೀಳುತ್ತಿತ್ತು. ಒಣಹುಲ್ಲು, ಕಂದು ಕೂದಲು, ಮಲಗಿದ ಮೈಗಳು ತೀಡಿ ನುಣುಪಾದ ನೆಲ. ಮಿಲ್ಕಾ ಕೈಗವಸು ಕಳಚಿ ನೆಲಕ್ಕೆ ಅಂಗೈ ಒತ್ತಿದಳು. ಬೆಚ್ಚಗಿತ್ತು.

"ಇಲ್ಲಿ ಮಲಗಿ ಹೋಗ್ತಾವೆ ಕಣೇ," ಎಂದಳು. "ಅದಕ್ಕೇ ಒಂದು ಗಂಟೆ!"

ಇಬ್ಬರೂ ರೊಟ್ಟಿ, ಗಿಣ್ಣು ತಿಂದು, ಚೂರೂ ಬಿಡದೆ ಗುಡಿಸಿಕೊಂಡು ತುದಿಯ ಏಣಿನ ಮೇಲಕ್ಕೆ ಹತ್ತಿದರು. ಇಳಿಯುವ ಹೊತ್ತಿಗೆ ಬಿಸಿಲಿಗೆ ಹಿಮದ ಮೇಲ್ಮೈ ರವೆಯಂತಾಗಿತ್ತು. ಓಣಿಯ ಅಗಲ ಆರು ಮೀಟರ್, ಇಳಿಜಾರು ಛಾವಣಿಗಿಂತ ಕಡಿದು. ಮಿಲ್ಕಾ ಸ್ಕೀ ತೊಟ್ಟು ಒಂದೊಂದೇ ತಿರುವು ತಿರುಗಿ, ಪ್ರತಿ ತಿರುವಿಗೂ ನಿಂತು ಉಸಿರೆಳೆದು ಇಳಿದಳು. ಪೊಟರೆಯ ಬಳಿ, ಅದರೊಳಗೆ ಹಿಮ ಸಿಡಿಯದಂತೆ, ಇಬ್ಬರೂ ಎದುರು ಬಂಡೆಗೆ ಒತ್ತಿಕೊಂಡೇ ಸಾಗಿದರು. ಬುಡಕ್ಕೆ ಬಂದಾಗ ನೆವೆಂಕಾ ಅಳುತ್ತ ನಗುತ್ತಿದ್ದಳು.

ಹೊಸ ದಾರಿ ಕಂಡವರು ಬೆಟ್ಟದ ತಂಗುಮನೆಯ ಪುಸ್ತಕದಲ್ಲಿ ಹೆಸರು, ದಾರಿ ಬರೆಯುವುದು ಅಲ್ಲಿನ ರೂಢಿ. ಸಂಜೆ ಮೇಜಿನ ಸುತ್ತ ಅದೇ ಮಾತಾಯಿತು.

"ನಾಳೆನೇ ಹೋಗಿ ಬರೆಯೋಣ," ಎಂದಳು ನೆವೆಂಕಾ. "ಓದರ್ ಓಣಿ ಅಂತ!"

"ಬೇಡ," ಎಂದಳು ಮಿಲ್ಕಾ. "ಮುಂದಿನ ಚಳಿಗಾಲಕ್ಕೆ ನಲವತ್ತು ಜನ ಇಳೀತಾರೆ. ಅವು ಎಲ್ಲಿಗೆ ಹೋಗ್ಬೇಕು?"

"ಜನ್ಮವೆಲ್ಲ ಹುಡುಕಿದ್ದು ಇದಕ್ಕೇನಾ, ಬಾಯಿ ಮುಚ್ಕೊಂಡು ಕೂರೋಕೆ?" ಯೆರ್ನೆಯ್‌ಗೆ ಸಿಟ್ಟು ಬಂತು.

"ಮೂವತ್ತು ವರ್ಷ ಅಂಚೆ ಹಂಚಿದೀನಿ ಕಣೋ. ಯಾರ ವಿಳಾಸ ಯಾರಿಗೆ ಹೇಳ್ಬಾರ್ದು ಅಂತ ನಂಗೆ ಗೊತ್ತು."

ನೆವೆಂಕಾ ತುಸು ಮುನಿಸಿಕೊಂಡೇ ಒಪ್ಪಿದಳು, ಮಾತು ಉಳಿಸಿಕೊಂಡಳು.

ಭಾನುವಾರ ಮಿಲ್ಕಾ ಹಿಟ್ಟು ನಾದಲು ಮೇಜಿನ ಮೇಲೆ ಒಣಹಿಟ್ಟು ಹರಡಿದಾಗ ಯೆರ್ನೆಯ್ ಊರುಗೋಲೂರಿ ಬಂದು ಕುಳಿತ. "ನಂಗಾದ್ರೂ ತೋರ್ಸು," ಎಂದ. ಅವಳು ಬೆರಳಿನಿಂದ ಗೋಡೆ, ಓಣಿ, ಪೊಟರೆ ಬರೆದಳು. ಅವನು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ.

"ಮೇನಲ್ಲಿ ಮರಿ ಹಾಕೋದೂ ಇಲ್ಲೇನಾ?"

ಮಿಲ್ಕಾಳ ಕೈ ಹಿಟ್ಟಿನಲ್ಲೇ ನಿಂತಿತು. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. "ಗೊತ್ತಿಲ್ಲ," ಎಂದಳು. "ಎದುರು ಗುಡ್ಡದಿಂದ ಕಾಣುತ್ತೇನೋ. ನಿನ್ನ ಸೊಂಟ ಅಲ್ಲಿಗೆ ಹತ್ತುತ್ತಾ?"

"ನಿಧಾನ ಹೋದ್ರೆ ಹತ್ತುತ್ತೆ," ಎಂದ ಯೆರ್ನೆಯ್.