ಹುತುತು ತಂಡಕ್ಕೆ ನನ್ನನ್ನು ಕೊಟ್ಟ ಮಾಸ್ತರು

ಮುಂಬೈಗೆ ಬಂದ ಮೂರನೆಯ ವಾರ, ನನ್ನ ಅವ್ವ ತೀರಿಕೊಂಡಿದ್ದಾಳೆಂದು ನನಗೆ ಗೊತ್ತಾಯಿತು.

ಪಂಚಮಿಗೆ ಊರಿಗೆ ಹೋಗಲು ರಜೆ ಕೇಳಿದ್ದೆ. ನಮ್ಮ ಮಿಲ್ಲಿನ ಹುತುತು, ಅಂದರೆ ಕಬಡ್ಡಿ, ತಂಡದ ಸೆಕ್ರೆಟರಿ ಸಾವಂತರು, ತಂದೆ-ತಾಯಿ ಇಬ್ಬರೂ ಇಲ್ಲದವನು ಅಲ್ಲಿಗೆ ಯಾರ ಮನೆಗೆ ಹೋಗುತ್ತೀ ಎಂದು ಕನಿಕರದಿಂದಲೇ ಕೇಳಿದರು. ಹಾಗೆಂದು ಅವರಿಗೆ ಹೇಳಿದವರು ಗದಗಿನ ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರು. ಅಪ್ಪ ಇಲ್ಲದ್ದು ಖರೆ. ಅವ್ವ ಮಾತ್ರ ಮುಂಡರಗಿಯಲ್ಲಿ ಗಟ್ಟಿಯಾಗಿದ್ದಳು. ಹಿಂದಿನ ದಿನವೇ ಅವಳು ಬರೆಸಿದ ಕಾರ್ಡು ಬಂದಿತ್ತು.

ನಾನು ಬಾಯಿ ಬಿಡಲಿಲ್ಲ. ಇಲ್ಲಿ ನಾನಿನ್ನೂ ಬದಲಿ. ಅಂದರೆ ಕಾಯಂ ಆಳು ಬಾರದ ದಿನ ಅವನ ಮಗ್ಗದ ಮುಂದೆ ನಿಲ್ಲುವವನು. ಪಂದ್ಯಗಳು ಮುಗಿದ ಮೇಲೆ ಕಾಯಂ ಮಾಡುತ್ತೇವೆಂದಿದ್ದರು. ಸುಳ್ಳು ಹೊರಬಿದ್ದರೆ ಕೆಲಸವೂ ಇಲ್ಲ, ಚಾಳದ ಖೋಲಿಯಲ್ಲಿ ಚಾಪೆ ಹಾಸುವಷ್ಟು ಜಾಗವೂ ಇಲ್ಲ. ಅವ್ವನ ಕಾರ್ಡು ಬಂದ ತಾರೀಖನ್ನು ಡೈರಿಯಲ್ಲಿ ಬರೆಯುವುದನ್ನೂ ಅಂದೇ ಬಿಟ್ಟೆ.

ಮಾಸ್ತರರ ಮೇಲೆ ಸಂಶಯ ಬೆಳೆಯಿತು. ಆಟಗಾರರನ್ನು ಆರಿಸಲು ಮಿಲ್ಲಿನವರು ಗದಗಿಗೆ ಬಂದಾಗ ಮಾಸ್ತರು ಅವರನ್ನು ಚಹಾಕ್ಕೆ ಕರೆದೊಯ್ದು ಸಣ್ಣ ದನಿಯಲ್ಲಿ ಮಾತಾಡಿದ್ದರು. ಅವರು ಹೋದ ಮೇಲೆ ಮಾಸ್ತರರ ಮೈಮೇಲೆ ಹೊಸ ಅಂಗಿ ಕಂಡಿತ್ತು. ನನಗಿಂತ ಚಲೋ ಆಡುವವನು ಬೆಟಗೇರಿಯ ಹನುಮಂತ. ಆದರೆ ಅವನ ನಾಲ್ವರು ಅಣ್ಣಂದಿರು ಮೈದಾನದ ಅಂಚಿನಲ್ಲೇ ನಿಂತು ಕೂಗುತ್ತಿದ್ದರು. ಅವನಿಗೆ ಯಾರೂ ಇಲ್ಲವೆಂದು ಹೇಳಿದರೆ ನಂಬುವವರು ಯಾರು? ಹಳ್ಳಿಯ ಹುಡುಗರು ಹಬ್ಬಕ್ಕೆ, ಬಿತ್ತನೆಗೆ ಓಡಿಹೋಗುತ್ತಾರೆಂಬುದೇ ಮಿಲ್ಲಿನವರ ದೂರು. ಅವರಿಗೆ ಬೇಕಾದದ್ದು ಊರಿಲ್ಲದ ಕಾಲುಗಳು.

ಹೊಳೆಯ ಉಸುಕಿನಲ್ಲಿ ಆಡಿ ಬೆಳೆದವನಿಗೆ ಇಲ್ಲಿಯ ಗಟ್ಟಿ ನೆಲ ಮೊಣಕಾಲು ಸುಲಿಯಿತು. ಜೋಳದ ರೊಟ್ಟಿ ಕೇಳಿದರೆ ಖಾನಾವಳಿಯವನು ಅನ್ನದ ಮೇಲೆ ಮೀನಿನ ಸಾರು ಸುರಿದ. ಆದರೂ ಆಡಿದ ಒಂಬತ್ತು ಪಂದ್ಯಗಳಲ್ಲಿ ಏಳು ಗೆದ್ದೆವು.

ದೀಪಾವಳಿ ಮುಗಿಯುತ್ತಲೇ ಅವ್ವ ಹೇಳದೆ ಕೇಳದೆ ಬಂದಳು. ನಾನು ಊರು ಬಿಟ್ಟಾಗ ಮುಂಡರಗಿಯೂ ಮುಂಬೈ ರಾಜ್ಯದಲ್ಲೇ ಇತ್ತು. ಅವಳು ರೈಲು ಹತ್ತುವಷ್ಟರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತ್ತು. ಅವಳು ಗಂಟು ಇಳಿಸುತ್ತಿದ್ದಾಗಲೇ ಸಾವಂತರು ಚಾಳಕ್ಕೆ ಬಂದು, ಇವರು ಯಾರು ಎಂದರು.

ಅವ್ವ ಸೆರಗು ಸರಿಮಾಡಿಕೊಂಡು ನನ್ನತ್ತ, ಆಮೇಲೆ ತನ್ನತ್ತ ಕೈ ತೋರಿಸಿ, "ಮೌಶಿ" ಎಂದಳು. ಮರಾಠಿಯಲ್ಲಿ ಮೌಶಿಯೆಂದರೆ ಚಿಗವ್ವ, ತಾಯಿಯ ತಂಗಿ. ಸಾವಂತರು ಕೈಮುಗಿದು ಹೋದರು.

"ಯಾರು ಕಲಿಸಿದ್ರು ನಿನಗ?" ಎಂದೆ.

"ನಿಮ್ಮ ಮಾಸ್ತರು. ಮಿಲ್ಲಿನವರು ಬರೂಕಿಂತ ಮೊದಲ ಮನಿಗೆ ಬಂದಿದ್ರು. ಹಿಂದ ಅವ್ವ ಇದ್ದ ಹುಡುಗನ್ನ ಅವರು ಒಯ್ಯಂಗಿಲ್ಲ, ಏನ್ ಮಾಡೂಣ ಬಾಯಾರ ಅಂದ್ರು. ಸತ್ತಾಳ ಅಂತ ಹೇಳ್ರಿ ಅಂದೆ."

"ನನಗ ಹೇಳಲಿಲ್ಲಲ್ಲ."

"ಹೇಳಿದ್ರ ನೀ ಹೊಂಟಿದ್ದೇನಲೇ?"

ಅಂಗಿಯ ವಿಷಯವನ್ನೂ ಕೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ನನ್ನ ಸಂಶಯ ಇನ್ನೂ ಹೋಗಿಲ್ಲ.

ಅವಳು ಇದ್ದಷ್ಟು ದಿನ ತಂಡದವರೆಲ್ಲ ಮೌಶಿ, ಮೌಶಿ ಎನ್ನುತ್ತ ರೊಟ್ಟಿ, ಶೇಂಗಾ ಚಟ್ನಿ ಖಾಲಿ ಮಾಡಿದರು. ಆ ವಾರವೇ ನನ್ನನ್ನು ಕಾಯಂ ಮಾಡಿದರು. ಅವಳನ್ನು ಬೀಳ್ಕೊಡಲು ಎಲ್ಲರೂ ಸ್ಟೇಶನ್ನಿಗೆ ಬಂದರು. ರೈಲು ಅಲುಗಿದಾಗ ಅವಳು ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಎತ್ತಿ, "ಮೌಶಿ, ಹೋಗಿ ಬಾ" ಎಂದು ಕೂಗಿದೆ. ಆ ಮಾತು ಎಲ್ಲಿಯೂ ತಡೆಯದೆ ಬಾಯಿಂದ ಬಂದಿತ್ತು.