ಬೊಂಬೆ ಹಬ್ಬದಲ್ಲಿ ಹಿಮನದಿ

ಮದುವೆಯಾದ ಮೇಲೂ ನಮ್ಮದು ಶನಿವಾರ-ಭಾನುವಾರದ ಸಂಸಾರ. ನನ್ನ ಕೆಲಸ ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ; ನನ್ನ ಗಂಡ ಆಸ್ಟಿನ್‌ನಲ್ಲಿ ಹಿಮನದಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದರು. ಟೆಕ್ಸಾಸಿನ ಆ ಸುಡುಬಿಸಿಲಲ್ಲಿ ಕೂತು ಹಿಮನದಿಯಂತೆ! ಓದು ಮುಗಿದ ಕೂಡಲೇ ಇರ್ವಿಂಗ್‌ಗೆ ಶಿಫ್ಟ್ ಆಗುತ್ತೇನೆ ಎಂದಿದ್ದರು. ನಾನು ಅದಕ್ಕೇ ಕಾಯುತ್ತಿದ್ದೆ.

ಆ ದಸರೆಗೆ ಬೊಂಬೆ ಕೂರಿಸುವಾಗ, ಮೆಟ್ಟಿಲ ಮುಂದೆ ಪಾರ್ಕು ಮಾಡುವ ಕೆಲಸ ಇವರಿಗೆ ಒಪ್ಪಿಸಿದೆ. ಇವರೋ, ನೀರಿಗೆ ಮರಳು, ಜಲ್ಲಿ ಬೆರೆಸಿ ಫ್ರೀಜರ್‌ನಲ್ಲಿಟ್ಟರು.

"ರೀ, ಕಾಯಿತುರಿ ಇಡೋಕೇ ಜಾಗ ಇಲ್ಲ, ಇದೇನ್ರೀ ಕರ್ಮ?"

"ಸುಮ್ನಿರೇ, ನೋಡ್ತಿರು."

ಆ ಮಂಜುಗಡ್ಡೆಯನ್ನು ಓರೆಯಾದ ತಟ್ಟೆಯಲ್ಲಿಟ್ಟು, ತಗ್ಗಿಗೆ ನೀಲಿ ನೀರು ತುಂಬಿದರು. ಗಡ್ಡೆ ಹಿಮನದಿಯಂತೆ, ನೀರು ಸಮುದ್ರವಂತೆ.

ಹ್ಯೂಸ್ಟನ್ನಿನಿಂದ ಇಲ್ಲಿ ನೆಂಟರ ಮನೆಗೆ ಬಂದಿದ್ದು, ಸಂಜೆ ಅರಿಶಿನ-ಕುಂಕುಮಕ್ಕೆ ಬಂದ ಆಂಟಿಯೊಬ್ಬರು, "ಅಯ್ಯೋ, ಕೈಲಾಸ ಮಾಡಿ ಶಿವನನ್ನೇ ಮರೆತಿದೀರಲ್ಲಮ್ಮಾ!" ಎಂದು ಮೇಲಿನ ಮೆಟ್ಟಿಲ ಶಿವನನ್ನು ತಂದು ಗಡ್ಡೆಯ ಮೇಲೆ ಕೂರಿಸಿಯೇಬಿಟ್ಟರು. ಕೋಸಂಬರಿ ತಿಂದು ಮುಗಿಸುವಷ್ಟರಲ್ಲಿ ಶಿವ ಸಮುದ್ರದಲ್ಲಿದ್ದ. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು.

ಎಲ್ಲರೂ ಹೋದ ಮೇಲೆ ನೋಡಿದರೆ, ಗಡ್ಡೆಯ ಅಂಚು ನಿಂತಿದ್ದ ಕಡೆ ಜಲ್ಲಿಯ ಸಣ್ಣ ದಿಣ್ಣೆ ಉಳಿದಿತ್ತು. "ಇದಕ್ಕೇ ಮೊರೇನ್ ಅನ್ನೋದು," ಎಂದರು ಇವರು. "ಹಿಮ ಕಲ್ಲು-ಮಣ್ಣೆಲ್ಲಾ ಹೊತ್ಕೊಂಡು ಬರುತ್ತೆ. ಅದರ ತುದಿ ಎಲ್ಲಿ ತುಂಬಾ ಕಾಲ ನಿಲ್ಲುತ್ತೋ ಅಲ್ಲಿ ರಾಶಿ ಬೀಳುತ್ತೆ. ಹಿಮ ಕೊರೆದ ಕಣಿವೆಗೆ ಆಮೇಲೆ ಸಮುದ್ರ ನುಗ್ಗುತ್ತೆ. ಅಲಾಸ್ಕದ ಕರಾವಳಿ ಎಷ್ಟೋ ಕಡೆ ಆಗಿರೋದೇ ಹೀಗೆ." ಶಿವನನ್ನು ಒರೆಸಿ ಮೇಲಿನ ಮೆಟ್ಟಿಲಿಗಿಟ್ಟು, "ಅಲ್ಲೇ ಕೆಲಸ ಸಿಕ್ಕಿದೆ ಕಣೇ. ಎರಡು ವರ್ಷ. ಹೋಗ್ಲಾ?" ಎಂದರು.

ನನ್ನ ವೀಸಾ ಇರ್ವಿಂಗ್‌ನ ಕೆಲಸಕ್ಕೆ ಕಟ್ಟುಬಿದ್ದಿತ್ತು, ಜೊತೆಗೆ ಹೊರಡುವಂತಿರಲಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ, ಅವರ ಮುಖದಲ್ಲಿ ಅಷ್ಟು ಆಸೆಯಿತ್ತು. "ಹೋಗಿ ಬನ್ನಿ" ಎಂದೆ.

ಆಮೇಲೆ ಪ್ರತಿ ಭಾನುವಾರ ವಿಡಿಯೋ ಕಾಲ್. ಕಲ್ಲಿನ ದಿಣ್ಣೆ, ಬೂದು ಬಣ್ಣದ ನೀರು, ಮತ್ತೊಂದು ದಿಣ್ಣೆ. "ಹಿಮ ಇಲ್ಲೀವರೆಗೂ ಇತ್ತು, ನೋಡು." ನಾನು ಹ್ಞೂಂ ಅನ್ನುತ್ತಿದ್ದೆ. ಫೋನಿಟ್ಟ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಒಬ್ಬಳಿಗೇ ಅಡುಗೆ ಮಾಡಿಕೊಳ್ಳಲು ಬೇಜಾರಾಗಿ ಮೊಸರವಲಕ್ಕಿ ತಿನ್ನುತ್ತಿದ್ದೆ. ಇವರನ್ನು ನೋಡಬೇಕೆಂದು ಜೀವ ಹಾತೊರೆಯುತ್ತಿತ್ತು.

ಎರಡನೆಯ ವರ್ಷ ಮುಗಿಯುತ್ತಾ ಬಂದಾಗ, ದಿಣ್ಣೆ ತೋರಿಸುತ್ತಲೇ ಕೇಳಿದರು: "ಇನ್ನೊಂದು ವರ್ಷ ಇರು ಅಂತಿದಾರೆ. ಏನ್ ಹೇಳ್ಲಿ?"

"ಮೊದ್ಲು ಕ್ಯಾಮೆರಾ ನಿಮ್ಮ ಕಡೆ ತಿರುಗಿಸಿ."

ತಿರುಗಿಸಿದರು. ಗಡ್ಡ ಬೆಳೆದಿತ್ತು, ಕೆನ್ನೆ ಬತ್ತಿತ್ತು.

"ಆಗಲ್ಲ ಅಂತ ಹೇಳಿ. ಕಲ್ಲು ನೋಡಿ ನೋಡಿ ಸಾಕಾಗಿದೆ. ನನಗೆ ನೀವು ಬೇಕು ಕಣ್ರೀ, ಬಂದ್ಬಿಡಿ."

ಇವರು ಕಣ್ಣೊರೆಸಿಕೊಂಡರು. "ಇದನ್ನ ಅವತ್ತೇ ಯಾಕೇ ಹೇಳ್ಲಿಲ್ಲ?" ಎಂದರು.