ಬೇಡಲು ಬಾರದ ತಿಮ್ಮಯ್ಯ

ಮಿರ್ಲೆಯ ತಿಮ್ಮಯ್ಯನ ಮನೆಯ ಜಗಲಿ ಊರಿನಲ್ಲೇ ಅಗಲವಾದದ್ದು. ಅದರ ಮೇಲೆ ಕೂತವರು ಮಾತ್ರ ಕಡಿಮೆ. ನಾಲೆ ನೀರಿನ ಗದ್ದೆ, ಟ್ರ್ಯಾಕ್ಟರು, ಬುಲೆಟ್ಟು ಎಲ್ಲ ಇದ್ದ ಅವನಲ್ಲಿ ಕೇಳಿ ಬಂದವರಿಗೆ ಕೊಡಲು ಇದ್ದದ್ದು ಒಂದೇ ಮಾತು: “ಮುಂದಕ್ಕೋಗಪ್ಪ.” ಹೆಂಗಸಾದರೆ “ಮುಂದಕ್ಕೋಗವ್ವ.” ಅವನದು ಬೀದಿಯ ಕೊನೆಯ ಮನೆ. ಮುಂದೆ ಇದ್ದದ್ದು ಕೆರೆ.

ಹುಟ್ಟಿದ್ದು ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನಲ್ಲಿ. ಅಪ್ಪ ತೀರಿಕೊಂಡು, ಅವ್ವ ಇನ್ನೊಂದು ಮದುವೆಯಾಗಿ, ಹನಗೋಡಿನ ಸೋದರಮಾವನ ಮನೆಗೆ ಬಂದು ಬಿದ್ದಾಗ ಅವನಿಗೆ ಏಳು ವರ್ಷ. ಅತ್ತೆ ಕೆಟ್ಟವಳೇನಲ್ಲ, ತನ್ನ ಐದು ಮಕ್ಕಳು ಉಂಡು ಎದ್ದ ಮೇಲೆ ಮಡಕೆಯ ತಳ ತೋರಿಸುವಷ್ಟು ಪ್ರಾಮಾಣಿಕಳು. ಆಮೇಲೆ ಅಲ್ಯೂಮಿನಿಯಂ ತಟ್ಟೆ ಕೈಗೆ ಕೊಟ್ಟು “ನಾಕು ಮನೆ ತಿರುಗ್ಬಾ ಓಗ್ಲಾ” ಎನ್ನುತ್ತಿದ್ದಳು. ಐದು ವರ್ಷ ಅವನು ಹನಗೋಡಿನ ಬೀದಿ ತಿರುಗಿದ. ಹೊಸಿಲಿನ ಮೇಲಿನಿಂದ ತಟ್ಟೆಗೆ ಬೀಳುವ ಸದ್ದಿನಲ್ಲೇ ಅನ್ನ ಇವತ್ತಿನದೋ ನಿನ್ನೆಯದೋ ಎಂದು ಹೇಳುವಷ್ಟು ವಿದ್ಯಾವಂತನಾದ. ಹನ್ನೆರಡಕ್ಕೆ ತಟ್ಟೆಯನ್ನು ಲಕ್ಷ್ಮಣತೀರ್ಥ ನದಿಗೆ ಎಸೆದು, ಇನ್ನು ಸತ್ತರೂ ಯಾರ ಬಾಗಿಲಲ್ಲೂ ಕೈ ಚಾಚುವುದಿಲ್ಲ ಎಂದುಕೊಂಡು, ಮಿರ್ಲೆಗೆ ಬಂದು ಆಳಾಗಿ ಸೇರಿದ. ದುಡಿದ, ಗುತ್ತಿಗೆಗೆ ಗದ್ದೆ ಮಾಡಿದ, ಕೊನೆಗೆ ಕೊಂಡೂಬಿಟ್ಟ.

ಇಂಥ ಬಾಲ್ಯ ಕಂಡವರ ಎದೆ ಮೆತ್ತಗಾಗುತ್ತದೆ ಎಂದು ವೇದಿಕೆ ಹತ್ತಿದವರು ಹೇಳುತ್ತಾರೆ. ತಿಮ್ಮಯ್ಯನದು ಸಿಮೆಂಟಿನಂತೆ, ನೀರು ಬಿದ್ದಷ್ಟೂ ಗಟ್ಟಿಯಾಯಿತು. “ನನಗ್ಯಾರು ಕೊಟ್ಟಿದ್ರು?” ಎಂದು ಕೇಳುತ್ತಿದ್ದ. ಕೊಟ್ಟಿದ್ದರು, ಹನಗೋಡಿನ ಅರ್ಧ ಊರು ಕೊಟ್ಟಿತ್ತು. ಅದನ್ನು ನೆನೆಯುವುದೇ ಅವನಿಗೆ ಹೆಚ್ಚು ಕಷ್ಟವಾಗಿತ್ತು.

ಮೂರು ವರ್ಷದ ಹಿಂದೆ ಮಗಳು ಸೌಂದರ್ಯಳಿಗೆ ಡೆಂಗಿ ಬಂತು. ಹೆಂಡತಿ ವಿಮಲಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮನೆದೇವರು ತಿಮ್ಮಪ್ಪನಿಗೆ ಹರಕೆ ಹೊತ್ತಳು. ಮಗಳು ಉಳಿದಳು. ಹರಕೆ ಏನೆಂಬುದು ಆಮೇಲೆ ಹೊರಬಿತ್ತು: ಶ್ರಾವಣದ ನಾಲ್ಕು ಶನಿವಾರ ತಿಮ್ಮಯ್ಯ ನಾಮ ಹಾಕಿಕೊಂಡು ಐದೈದು ಮನೆ ಬೇಡಬೇಕು, ಬಂದ ಅಕ್ಕಿಯಲ್ಲಿ ಹಸಿದವರಿಗೆ ಉಣಬಡಿಸಬೇಕು. ನಮ್ಮ ಕಡೆ ಎಷ್ಟು ಉಳ್ಳವರಾದರೂ ಆ ಶನಿವಾರಗಳಲ್ಲಿ ಚೊಂಬಿಗೆ ನಾಮ ಬಳಿದು ಹೊರಡುವುದುಂಟು. ಬೇಡುವವನೇ ಆ ಹೊತ್ತಿನ ದೇವರು. ಕೊಡುವವರು ಅವನ ಕಾಲಿಗೆ ನೀರು ಹಾಕಿ ನಮಸ್ಕರಿಸುತ್ತಾರೆ.

“ಹರಕೆ ಒತ್ತೋಳು ನೀನು. ನೀನೇ ಬೇಡು” ಎಂದ ತಿಮ್ಮಯ್ಯ.

“ನಾನು ದಿನಾ ನಿಮ್ಮತ್ರ ಬೇಡ್ತಾನೇ ಇವ್ನಿ. ಅದ್ರಲ್ಲಿ ದೇವ್ರಿಗೇನು ವಿಶೇಷ? ನೀವು ಕೈ ಚಾಚೋದನ್ನ ಅವನೂ ಕಂಡಿಲ್ಲ” ಎಂದಳು ವಿಮಲಮ್ಮ. “ಬೇಡ ಅಂದ್ರೆ ಬುಡಿ. ಮಗಳ ಮುಖ ನೋಡ್ಕಂಡು ಬುಡಿ.”

ಅಲ್ಲಿಗೆ ವಾದ ಮುಗಿಯಿತು. ನದಿಯ ದಡದಲ್ಲಿ ಮಾಡಿದ ಶಪಥ ಒಂದು ಕಡೆ, ಮಗಳು ಒಂದು ಕಡೆ.

ಮೊದಲ ಶನಿವಾರಕ್ಕೆ ತಿಮ್ಮಯ್ಯ ಜಾಣತನದ ವ್ಯವಸ್ಥೆ ಮಾಡಿದ. ಐದು ನೆಂಟರ ಮನೆಗೆ ಹಿಂದಿನ ದಿನವೇ ಫೋನು ಮಾಡಿ, ತನ್ನ ಮನೆಯಿಂದಲೇ ಅಕ್ಕಿ ಕಳಿಸಿದ. ಬೆಳಿಗ್ಗೆ ಬುಲೆಟ್ಟಿನಲ್ಲಿ ಹೋದ. ಹಿಂದಿನ ಸೀಟಿನಲ್ಲಿ ಶಂಖ ಜಾಗಟೆ ಹಿಡಿದು ಕೂತವನು ದಾಸಯ್ಯ ಚಿಕ್ಕಣ್ಣ, ಇಂಥ ಹರಕೆಗಳನ್ನು ಮುಂದೆ ನಿಂತು ನಡೆಸಿಕೊಡುವವನು. ಅರ್ಧ ಗಂಟೆಯಲ್ಲಿ ದೇವರ ಕೆಲಸ ಮುಗಿಯಿತು. ಚಿಕ್ಕಣ್ಣ ಚೊಂಬಿನಿಂದ ನಾಲ್ಕು ಕಾಳು ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿದ.

“ಗೌಡ್ರೆ, ಇದು ನಿಮ್ಮನೆ ಅಕ್ಕಿ ಅಲ್ವ್ರಾ?”

“ಊ. ಏನೀಗ?”

“ಇದು ಭಿಕ್ಷೆ ಅಲ್ಲ ಕಣ್ರೀ, ವರ್ಗಾವಣೆ. ನೀವು ಬರೋದು ಗೊತ್ತಿಲ್ದಿರೋ ಮನೆ ಮುಂದೆ ನಿಂತ್ಕಬೇಕು, ನಡ್ಕಂಡು ಬರ್ಬೇಕು. ಕೂಗೋ ಬಾಯೂ ನಿಮ್ದೇ ಆಗ್ಬೇಕು.”

ಎರಡನೆಯ ಶನಿವಾರ ಚಿಕ್ಕಣ್ಣ ಅವನನ್ನು ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಸೋಮಮ್ಮನ ಮನೆಯ ಮುಂದೆ. ಕೂಲಿಗೆ ಹೋಗುವ ಹೆಂಗಸು, ಗಂಡನಿಲ್ಲ, ಒಂದು ಹಸು. ಅದಕ್ಕೆ ಎರಡು ತಿಂಗಳ ಹಿಂದೆ ಒಂದು ಹೊರೆ ಹುಲ್ಲು ಕೇಳಿಕೊಂಡು ತಿಮ್ಮಯ್ಯನ ಜಗಲಿಗೆ ಬಂದು, ಕೆರೆಯ ಕಡೆ ಕಳಿಸಲ್ಪಟ್ಟವಳು.

ಜಾಗಟೆ ನಿಂತಿತು. ತಿಮ್ಮಯ್ಯನ ಬಾಯಿಂದ ‘ಗೋವಿಂದ’ ಬರಲಿಲ್ಲ. ಸೊಸೈಟಿಯ ಸಭೆಯಲ್ಲಿ ಮೈಕಿಲ್ಲದೆ ಗುಡುಗುವವನು ಹೊಸಿಲು ನೋಡುತ್ತ ನಿಂತ. ಚೊಂಬು ಎದೆಗಿಂತ ಮುಂದೆ ಹೋಗಲಿಲ್ಲ.

“ಕೂಗಿ ಗೌಡ್ರೆ” ಎಂದ ಚಿಕ್ಕಣ್ಣ. “ಅವಳು ಒಲೆ ಮುಂದೆ ಅವಳೆ, ಕೇಳಾಕಿಲ್ಲ.”

ಮೂರನೆಯ ಸಲಕ್ಕೆ ಸದ್ದು ಹೊರಬಿತ್ತು. ಅದು ಗೌಡನ ದನಿಯಾಗಿರಲಿಲ್ಲ. ಏಳು ವರ್ಷದವನೊಬ್ಬ ಹಸಿವಿಗೆ ಕೂಗುವ ದನಿ. ಸೋಮಮ್ಮ ಹೊರಗೆ ಬಂದಳು. ಯಾರೆಂದು ನೋಡಿದಳು. ಒಳಗೆ ಹೋಗಿ ಮೊರದಲ್ಲಿ ಅಕ್ಕಿ ತಂದು ಚೊಂಬಿಗೆ ಹಾಕಿದಳು. ಅರ್ಧ ನೆಲಕ್ಕೆ ಚೆಲ್ಲುವಷ್ಟು ಧಾರಾಳವಾಗಿ. ಕಾಲಿಗೆ ನೀರು ಹಾಕಿದಳು. ಅವಳು ಬಾಗಿದಾಗ ತಿಮ್ಮಯ್ಯ ಹಿಂದೆ ಸರಿದ.

“ಬ್ಯಾಡ ಕಣವ್ವ, ನನ್ ಕಾಲಿಗೆ ಬ್ಯಾಡ.”

“ನಿಮಗಲ್ಲ ಬುಡಿ ಗೌಡ್ರೆ” ಎಂದಳು ಸೋಮಮ್ಮ. “ನಾಮಕ್ಕೆ.”

ನಾಮ ಕರಗಿ ಕಣ್ಣಿಗಿಳಿಯಿತು, ಅದಕ್ಕೇ ನೀರು ಬಂತು ಎಂದು ತಿಮ್ಮಯ್ಯ ಇಂದಿಗೂ ಹೇಳುತ್ತಾನೆ. ನಾಮ ಒಣಗಿ ಒಂದು ಗಂಟೆಯಾಗಿತ್ತು ಎಂದು ಚಿಕ್ಕಣ್ಣ ಹೇಳುತ್ತಾನೆ.

ಮಾರನೆಯ ದಿನ ಸೋಮಮ್ಮನ ಮನೆಯ ಮುಂದೆ ಒಂದು ಟ್ರ್ಯಾಕ್ಟರ್ ಹುಲ್ಲು ನಿಂತಿತು. ಕ್ಷಮೆ ಕೇಳುವುದು ಗೌಡನಿಗೆ ಅಭ್ಯಾಸವಿಲ್ಲ. “ನಮ್ಮನೇಲಿ ಜಾಗ ಇಲ್ಲ ಅಂತ ಇಲ್ಲಿ ಆಕಿವ್ನಿ” ಎಂದ. ಅವಳೂ ಕೈ ಮುಗಿಯಲಿಲ್ಲ; ನಾಮವಿರಲಿಲ್ಲವಲ್ಲ.

ಶ್ರಾವಣ ಮುಗಿಯಿತು. ಬಂದ ಅಕ್ಕಿಯ ಅನ್ನ, ಸಾರು ಮಾಡಿ ಕೆ.ಆರ್. ನಗರದ ಆಸ್ಪತ್ರೆಯ ಬಳಿ ರೋಗಿಗಳ ಕಡೆಯವರಿಗೆ ಬಡಿಸಿದ್ದೂ ಆಯಿತು. ಐದನೆಯ ಶನಿವಾರ ತಿಮ್ಮಯ್ಯ ಮತ್ತೆ ನಾಮ ಬಳಿದುಕೊಂಡ.

“ಅರಕೆ ತೀರ್ತಲ್ರೀ” ಎಂದಳು ವಿಮಲಮ್ಮ, ಗಾಬರಿಯಿಂದ.

“ನಿಂದು ತೀರ್ತು” ಎಂದು ಹೊರಟ.

ಅಂದಿನಿಂದ ಮಿರ್ಲೆಗೆ ನೆಮ್ಮದಿಯಿಲ್ಲ. ಮೊದಲು ತಾನು ಕೊಡುತ್ತಿರಲಿಲ್ಲ, ಈಗ ಬೇರೆಯವರು ಕೊಡದೆ ಇರಲು ಬಿಡುವುದಿಲ್ಲ. ತನ್ನ ಕಣಜದಿಂದ ಎರಡು ಮೂಟೆ ಹಾಕಿ, ಉಳಿದದ್ದಕ್ಕೆ ಪ್ರತಿ ಶನಿವಾರ ಬೀದಿಗಿಳಿಯುತ್ತಾನೆ. ಆಸ್ಪತ್ರೆಯ ಬಳಿ ಅವನದೇ ದರ್ಬಾರು: ನಿಂತು ತಟ್ಟೆ ಚಾಚಿದವರಿಗೆ ಬಡಿಸುವುದಿಲ್ಲ, ಗದರಿ ಚಾಪೆಯ ಮೇಲೆ ಕೂರಿಸಿ, ತಾನು ಬಗ್ಗಿ ಬಡಿಸುತ್ತಾನೆ. ಕೈ ಅಡ್ಡ ಹಿಡಿದವರಿಗೆ ಬೈಗುಳವೂ ಉಂಟು. ಅವನ ಕರುಣೆಗೆ ಸಿಕ್ಕಿದವರು ಹೊಟ್ಟೆ ಬಿರಿಯೆ ಉಂಡು, ಸ್ವಲ್ಪ ಹೆದರಿಕೊಂಡೇ ಏಳುತ್ತಾರೆ.

ಮೊನ್ನೆ ಶನಿವಾರ ವಿಮಲಮ್ಮನ ತಮ್ಮ ಕಂಠಪ್ಪ ಜಾಗಟೆ ಕೇಳುತ್ತಲೇ ಬಾಗಿಲು ಹಾಕಿಕೊಂಡ. ತಿಮ್ಮಯ್ಯ ಮೂರು ಸಲ ಗೋವಿಂದನನ್ನು ಕೂಗಿದ.

“ಮನೇಲಿ ಯಾರೂ ಇಲ್ಲ” ಎಂದಿತು ಒಳಗಿನ ದನಿ.

“ಇಲ್ದಿದ್ರೇನಂತೆ ಬುಡು” ಎಂದು ತಿಮ್ಮಯ್ಯ ಹೊಸಿಲ ಮುಂದೆ ಚೊಂಬು ಇಟ್ಟುಕೊಂಡು ಕೂತ. “ಇಲ್ದೋರ ಕೈಲೇ ಒಂದು ಸೇರು ಕಳ್ಸು.”